ಹಳದಿ ಮಣ್ಣಿನ ಪೀಪಾಯಿ

ಮೂರು ದಿನದಿಂದ ಬಿಡದ ಮಳೆ. ತಿಯೆನೆಟ್ ಅಜ್ಜಿಯ ಅಡುಗೆಮನೆಯಲ್ಲಿ ನಾವು ಏಳೆಂಟು ಜನ ಎಣ್ಣೆಗೆಂದು ಅಕ್ರೋಟು ಒಡೆಯುತ್ತಾ ಕೂತಿದ್ದೆವು. ಪಕ್ಕದ ಮನೆಯ ಬಸುರಿ ಕ್ಲೋದಿನ್ ಒಲೆಯ ಹತ್ತಿರ, ಬಡಗಿ ಸಿಲ್ವೆನ್ ಬಾಗಿಲ ಹತ್ತಿರ. ನಮ್ಮೂರು ವೊರ್ಸಾಕಿನ ಹಳೇ ದೊರೆಗೆ ಚೌಕದಲ್ಲಿ ಪ್ರತಿಮೆ ನಿಲ್ಲಿಸುತ್ತಾರಂತೆ ಎಂದು ಸಿಲ್ವೆನ್ ಬಾಯಿಬಿಟ್ಟದ್ದೇ ತಡ, ಅಜ್ಜಿಯ ಸುತ್ತಿಗೆ ನಿಂತಿತು.

"ಪ್ರತಿಮೆಯಂತೆ ಪ್ರತಿಮೆ! ಲೋ ಸಿಲ್ವೆನ್, ಒಡೆದ ಕಾಯಿ ಬುಟ್ಟಿಗೆ ಹಾಕು, ಬಾಯಿಗಲ್ಲ, ನೋಡ್ತಾ ಇದೀನಿ ನಾನು. ಆ ದೊರೆ ಅಮೆರಿಕದೋರ ಕ್ರಾಂತೀಲಿ ಕಾದಾಡಿ ಬಂದ, ನಿಜ. ಹೋಗುವಾಗ ಜೊತೇಲಿ ನನ್ನ ಗಂಡನ ಅಣ್ಣ ಜಿಲ್ಬೇರ್‌ನ ಕರ್ಕೊಂಡು ಹೋದ. ಬರುವಾಗ ತಂದದ್ದು ಏನು? ಒಂದು ಪೀಪಾಯಿ ಹಳದಿ ಮಣ್ಣು! 'ನನ್ನ ಸೈನಿಕರು ಬಿದ್ದ ನೆಲದ್ದು, ನಾನು ಸತ್ತಾಗ ಗೋರಿ ಮೇಲೆ ಹಾಕಿ' ಅಂತ. ಮತ್ತೆ ಜಿಲ್ಬೇರ್? 'ಅಲ್ಲೇ ಜಮೀನು ಮಾಡ್ಕೊಂಡ, ಮದುವೆಯಾದ, ಸುಖವಾಗಿದಾನೆ ತಾಯಿ' ಅಂದ, ನಮ್ಮತ್ತೆ ಮುಖ ನೋಡದೆ. ಅತ್ತೆ ನಂಬಿದ್ಲು. ಇಪ್ಪತ್ತೆರಡು ವರ್ಷ ಕಾಗದ ಕಾದ್ಲು, ಪಾಪ. ಸೊಸೆಯಾಗಿ ಬಂದ ದಿನದಿಂದ ನನಗೆ ಅನುಮಾನ... ಸುಖವಾಗಿರೋನು ಹೆತ್ತೋಳಿಗೆ ಎರಡು ಸಾಲು ಬರೆಸೋದಿಲ್ವೇನ್ರೋ?

"ದೊರೆ ಸತ್ತ. ಮಣ್ಣು ಹಾಕೋ ಕೆಲಸ ಅರಮನೆ ತೋಟದವನಾದ ನನ್ನ ಗಂಡ ಬ್ಲೇಸ್‌ಗೆ ಬಂತು. ಅವನೋ, ಮಣ್ಣು ಕಂಡ್ರೆ ಜರಡಿ ಹಿಡಿಯದೆ ಬಿಡೋನಲ್ಲ. ಹಿಡಿದ. ಜರಡೀಲಿ ಉಳೀತು ನೋಡಿ... ಒಂದು ಸೀಸದ ಪದಕ, ನಮ್ಮೂರ ಚರ್ಚಿನ ಕಪ್ಪು ದೇವಮಾತೇದು, ಮೊಳೆ ಹೊಡೆದು ಸೊಟ್ಟಗೆ ತೂತು ಮಾಡಿದ್ದು. ಅತ್ತೆ ಅದನ್ನ ಕೈಯಲ್ಲಿ ಹಿಡ್ಕೊಂಡು ಅಳಲಿಲ್ಲ. 'ಈ ತೂತು ನಾನು ಹೊಡೆದದ್ದು, ಹೋಗುವಾಗ ಅವನ ಕೊರಳಿಗೆ ಕಟ್ಟೋಕೆ' ಅಂದ್ಲು, ಅಷ್ಟೇ.

"ಮಗ ಆ ಮಣ್ಣಲ್ಲಿದಾನೆ, ನನಗೆ ಕೊಡಿ ಅಂತ ಅರಮನೆಗೆ ಹೋಗಿ ಬೇಡಿದ್ಲು. ಪಾರುಪತ್ಯಗಾರ ಬಾಗಿಲು ಹಾಕಿದ. ಪಾದ್ರಿ ಕೆಮ್ಮಿದ. ಮಾರನೇ ಬೆಳಿಗ್ಗೆ... ನಮ್ಮ ಹೊಸ್ತಿಲ ಮೇಲೆ ಒಂದು ಹಿಡಿ ಹಳದಿ ಮಣ್ಣು! ನಮ್ಮೂರ ಮಣ್ಣು ಕರ್ರಗೆ ಮಸಿ, ಇದು ಎಲ್ಲಿಂದ ಬಂತು? ಯಾರೋ ಅಣಕಿಸ್ತಿದಾರೆ ಅಂತ ನಾನು ಗುಡಿಸಿ ಎಸೆದೆ. ಮಾರನೇ ದಿನ ಒಲೆ ಮುಂದೆ ಬಂತು. ಮತ್ತೆ ಗುಡಿಸಿದೆ. ಆಮೇಲೆ ಅಟ್ಟದಲ್ಲಿದ್ದ ಜಿಲ್ಬೇರ್‌ನ ಹಳೇ ತೊಟ್ಟಿಲಲ್ಲಿ... ಮಗು ಮಲಗಿದಂಗೆ ಉದ್ದಕ್ಕೆ, ಬೆಚ್ಚಗೆ!

"ಅಲ್ಲಿ ಆ ಮಣ್ಣು ಹಾಕಿದ್ದ ದೊರೆ ಗೋರಿ ಕುಸೀತಾ ಬಂತು. ನಾವೇ ಕದೀತೀವಿ ಅಂತ ಇಬ್ಬರು ಕೋವಿಯೋರನ್ನ ಕಾವಲಿಟ್ರು. ಒಂದು ನರಪಿಳ್ಳೆನೂ ಸುಳೀಲಿಲ್ಲ. ಇಲ್ಲಿ ನಡುಮಧ್ಯಾಹ್ನ ತೊಟ್ಟಿಲು ತುಂಬಿತು. ಅತ್ತೆ ಬೈಯಲಿಲ್ಲ, ಹೆದರಲಿಲ್ಲ. ಪಕ್ಕದಲ್ಲಿ ಕೂತು 'ಬಂದ್ಯಾ ಮಗನೇ' ಅಂದ್ಲು. ಚಳಿಗಾಲಕ್ಕೆ ಮುಂಚೆ ಸತ್ಲು. ಆ ಮಣ್ಣನ್ನ ಒಂದು ಕಾಳೂ ಬಿಡದಂಗೆ ಅವಳ ಜೊತೆಗೇ ಹಾಕಿದ್ವಿ."

"ಸದ್ಯ, ಸಮಾಧಾನವಾಯ್ತಲ್ಲ ಅಜ್ಜಿ," ಎಂದ ಸಿಲ್ವೆನ್.

"ಆಗಬೇಕಿತ್ತು ಅಲ್ವಾ? ಆದರೆ ಪೀಪಾಯಿ ತುಂಬಿ ತಂದಿದ್ದನಪ್ಪಾ... ನಮ್ಮ ತೊಟ್ಟಿಲಿಗೆ ಬಂದದ್ದು ಎಷ್ಟು ಮಹಾ? ಮಣ್ಣು ತಂದ ಆ ನೆಲದಲ್ಲಿ ಬಿದ್ದೋರು ಹದಿನೇಳು ಜನ ಅಂತ ದೊರೆಯೇ ಜಂಭ ಕೊಚ್ಕೋತಿದ್ದ. ನಮ್ಮೋನಿಗೆ ಅಮ್ಮ ಸಿಕ್ಕಿದ್ಲು. ಉಳಿದೋರೆಲ್ಲ ಆ ದೇಶದ ಹುಡುಗ್ರು. ಅವರ ತಾಯಂದಿರು ಸಮುದ್ರದಾಚೆ ಸತ್ತು ಯಾವ ಕಾಲವಾಯ್ತೋ. ಊರು ಗೊತ್ತಿಲ್ಲ, ಮಾತು ಗೊತ್ತಿಲ್ಲ. ಯಾರ ಮನೆಗೆ ಹೋಗ್ತಾರೆ ಹೇಳಿ?"

ಅಜ್ಜಿ ಕ್ಲೋದಿನ್ ಕಡೆ ತಿರುಗಿದಳು.

"ನಿನ್ನೆ ಹೊಸ್ತಿಲು ಗುಡಿಸ್ತಾ ಇದ್ದೆಯಲ್ಲೇ ಮಗಳೇ. ಮಣ್ಣು ಯಾವ ಬಣ್ಣದ್ದು?"

ಕ್ಲೋದಿನ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಒಲೆ ಮುಂದೇನೂ ಇತ್ತು ಅಜ್ಜಿ... ಇವತ್ತು ಬೆಳಿಗ್ಗೆ. ನಮ್ಮೋರ ಬೂಟ್ಸಿಂದು ಅಂದ್ಕೊಂಡು ಗುಡಿಸಿಬಿಟ್ಟೆ."

"ತೊಟ್ಟಿಲು ತಂದಾಯ್ತಾ?"

"ಸಂಜೆ ತಾನೇ ನಾನೇ ಇಟ್ಟು ಬಂದೆ," ಎಂದ ಸಿಲ್ವೆನ್, ಸಣ್ಣ ದನಿಯಲ್ಲಿ.

ಅಜ್ಜಿ ಸುತ್ತಿಗೆ ಕೆಳಗಿಟ್ಟಳು. "ಏಳು, ನಾನೂ ಬರ್ತೀನಿ. ತೊಟ್ಟಿಲು ತುಂಬಿದ್ರೆ ಈ ಸಲ ಗುಡಿಸಬೇಡ ಮಗಳೇ... ನಿನ್ನ ಕೂಸಿಗೆ ಬೇರೆ ಜಾಗ ನೋಡೋಣ."