ನಹಾರನ ಗಾಡಿಯ ಸಿಂಗಾರ

“ಹಲೋ... ಯಾರು?... ಹಲೋ, ಯಾರ್ ಮಾತಾಡ್ತಿರೋದು? ಏನೂ ಕೇಳಿಸ್ತಿಲ್ಲ, ಇಲ್ಲಿ ಗ್ರೈಂಡರ್ ಹೊಡೀತಿದಾರೆ... ಇದ್ರೀಸ್, ಒಂದ್ನಿಮಿಷ ಅದನ್ನ ನಿಲ್ಸಪ್ಪಾ!... ಹಾಂ, ಈಗ ಹೇಳಿ. ಯಾರು?...”

“ಓಹೋ, ನೀನಾ. ಇದ್ಯಾರ ನಂಬರು? ನಿನ್ ಫೋನಿಗೇನಾಯ್ತು?... ಚಾರ್ಜ್ ಇಲ್ವಾ? ಮೂವತ್ತೆಂಟು ವರ್ಷದ ಗಂಡಸು, ಒಂದು ಫೋನ್ ಚಾರ್ಜ್ ಮಾಡ್ಕೊಳ್ಳೋಕೆ ಬರಲ್ಲ. ಅಷ್ಟು ಒಂಟೆ ಹೆಂಗ್ ಮೇಯಿಸ್ತೀಯೋ ದೇವರೇ ಬಲ್ಲ...”

ಫಿದ್ದಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಅರಬ್ ಮರಳುಗಾಡಿನ ಹಫರ್ ಅಲ್ ಬಾತಿನ್ ಊರಿನ ಗ್ಯಾರೇಜು ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ಶೆಡ್ಡಿನ ಒಳಗೂ ಬಂದಿತ್ತು. ಎದುರಿಗೆ ಬಿಳಿಯ ಹೊಸ ಪಿಕಪ್ಪು. ಅದರ ಮುಂದೆ ಮಂಡಿಯೂರಿ ಕೂತಿದ್ದವನು ಸೂಡಾನಿನ ಮೇಸ್ತ್ರಿ ಇದ್ರೀಸ್. ಫೋನಿನ ಆ ತುದಿಯಲ್ಲಿದ್ದವನು ನಹಾರ್, ಅವಳ ದೊಡ್ಡಪ್ಪನ ಮಗ. ದೊಡ್ಡಪ್ಪನ ಮಗ ಎಂದರೆ ಇವರಲ್ಲಿ ಅಣ್ಣ ಎಂದು ಲೆಕ್ಕವಲ್ಲ, ಹುಡುಗಿಯ ಮೇಲೆ ಮೊದಲ ಹಕ್ಕಿರುವ ಗಂಡು. ‘ಇವಳು ನನಗೆ’ ಎಂದು ಅವನು ಒಂದು ಮಾತು ಆಡಿಬಿಟ್ಟರೆ ಬೇರೆ ಯಾರೂ ಆ ಮನೆಗೆ ಹೆಣ್ಣು ಕೇಳಿಕೊಂಡು ಬರುವುದಿಲ್ಲ. ನಹಾರ್ ಒಂಬತ್ತು ವರ್ಷದ ಹಿಂದೆ ಆ ಮಾತು ಆಡಿದ. ಆಮೇಲೆ ಬೇರೊಬ್ಬಳನ್ನು ಮದುವೆಯಾಗಿ ಐದು ಮಕ್ಕಳ ತಂದೆಯೂ ಆದ. ಫಿದ್ದಾಳನ್ನು ಮಾತ್ರ ಕಟ್ಟಿದ ಗೂಟದಿಂದ ಬಿಚ್ಚಲೇ ಇಲ್ಲ. ಎಂಥ ಮನುಷ್ಯ!

ಹೋದ ತಿಂಗಳು ಹಿರಿಯರು ಕೂತು ಬೇಡಿಕೊಂಡಾಗ ಅವನು ಗಡ್ಡ ನೀವಿಕೊಂಡು, ಹೊಸ ಪಿಕಪ್ ಕೊಡಿಸಿದರೆ, ಅದನ್ನು ತನ್ನ ಮನಸ್ಸಿಗೆ ಒಪ್ಪುವ ಹಾಗೆ ಸಿಂಗರಿಸಿ ಕೊಟ್ಟರೆ, ‘ಬಿಟ್ಟೆ’ ಅನ್ನುತ್ತೇನೆ ಎಂದಿದ್ದ. ಅಜ್ಜಿ ತನಗೆಂದು ಬಿಟ್ಟುಹೋದ ಹನ್ನೊಂದು ಒಂಟೆಗಳನ್ನೂ ಮಾರಿ ಫಿದ್ದಾ ಗಾಡಿ ತಂದಳು. ಗುರುವಾರ ಅವಳಿಗೂ ಔಷಧಿ ಅಂಗಡಿಯ ಸತ್ತಾಮನಿಗೂ ನಿಕಾಹ್. ಇವತ್ತು ಮಂಗಳವಾರ. ಸಂಜೆ ಗಾಡಿ ನಹಾರನ ಕೈ ಸೇರಬೇಕು, ಅವನ ಬಾಯಿಂದ ಆ ಒಂದು ಮಾತು ಬರಬೇಕು. ಅಷ್ಟು ಆಗದಿದ್ದರೆ ಗುರುವಾರವೂ ಇಲ್ಲ, ಸತ್ತಾಮನೂ ಇಲ್ಲ.

“ಹೂಂ, ಗ್ಯಾರೇಜಲ್ಲೇ ಇದೀನಿ. ಬೆಳಿಗ್ಗೆಯಿಂದ ಶಾಲೆಗೆ ರಜ ಹಾಕಿ ಕೂತಿದೀನಿ... ಎಲ್ಲಾ ಆಗ್ತಿದೆ. ಹೇಳ್ತೀನಿ ಕೇಳು... ಮುಂದಕ್ಕೆ ಕಬ್ಬಿಣದ ಗಾರ್ಡ್ ಕೂರಿಸಿದಾರೆ. ಒಂಟೆ ಬಂದು ಗುದ್ದಿದ್ರೂ ಗಾಡಿಗೇನಾಗಲ್ಲ, ಒಂಟೆಗೇ ಆಗೋದು... ಬಣ್ಣನಾ? ಬೆಳ್ಳಿ ಬಣ್ಣ. ನೀನೇ ಅಲ್ವಾ ನಿನ್ನೆ ಹೇಳಿದ್ದು?...”

“ಏನು? ಕಪ್ಪಾ?... ನಹಾರ್, ಭಾನುವಾರ ಕಪ್ಪು ಅಂದೆ. ಹಾಕಿಸ್ದೆ. ನಿನ್ನೆ ಬೆಳ್ಳಿ ಅಂದೆ. ಕಪ್ಪು ಕಿತ್ತು ಬೆಳ್ಳಿ ಹಾಕಿಸ್ದೆ. ಈಗ ಮತ್ತೆ ಕಪ್ಪಾ? ನಾಳೆ ಹಸಿರು ಅಂತೀಯಾ?... ಇಲ್ಲ, ಇಲ್ಲ, ಸಿಟ್ಟಿಲ್ಲ. ಯಾರು ಸಿಟ್ಟು ಮಾಡ್ಕೊಂಡ್ರು? ಆಯ್ತು, ಕಪ್ಪು... ಇದ್ರೀಸ್, ಗಾರ್ಡ್ ಬಿಚ್ಚಪ್ಪಾ. ಕಪ್ಪೇ ಬೇಕಂತೆ...”

ಇದ್ರೀಸ್ ಅವಳ ಮುಖವನ್ನು ಒಂದು ಸಲ, ಗಾರ್ಡನ್ನು ಒಂದು ಸಲ ನೋಡಿದ. ಸ್ಪ್ಯಾನರ್ ತೆಗೆದುಕೊಂಡು ಎರಡನೆಯ ಸಲ ಅದೇ ನಾಲ್ಕು ಬೋಲ್ಟು ಬಿಚ್ಚಲು ಕೂತ. ಅವಳಿಗೆ ಅವನ ಎದುರು ನಾಚಿಕೆಯಾಯಿತು.

“ಹಾಂ, ಫಿಲ್ಮ್ ಆಗಿದೆ. ಬಾನೆಟ್ಟಿಗೆ, ನಾಲ್ಕೂ ಬಾಗಿಲಿಗೆ, ಹಿಂದಿನ ಬಾಡಿಗೆ. ಕಣ್ಣಿಗೇ ಕಾಣಲ್ಲ, ಅಷ್ಟು ತೆಳ್ಳಗಿದೆ. ಮರಳುಗಾಳಿ ಹೊಡೆದ್ರೂ ಒಂದು ಗೀರು ಬೀಳಲ್ಲ... ಟಾಪ್ ಮೇಲಾ? ಟಾಪ್ ಮೇಲೆ ಯಾರು ನೋಡ್ತಾರೆ ಮಾರಾಯಾ, ಹದ್ದಾ?... ಸರಿ ಸರಿ, ಅದಕ್ಕೂ ಹಾಕಿಸ್ತೀನಿ...”

“ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲಪ್ಪಾ, ದೇವರಾಣೆ ತೆಗೆದಿಲ್ಲ! ಶೋರೂಮಿಂದ ಬಂದ ಹಾಗೇ ಇದೆ. ಪ್ಲಾಸ್ಟಿಕ್ ಮೇಲೆ ಕವರು, ಕವರ್ ಮೇಲೆ ಕುರಿ ಉಣ್ಣೆ ಹಾಸು. ಡ್ಯಾಶ್‌ಬೋರ್ಡ್ ಮೇಲೆ ಕುಚ್ಚಿರೋ ಜಮಖಾನ. ಗಾಡಿ ಓಡಿಸ್ತೀಯೋ, ಒಳಗೇ ಮಲಗಿಬಿಡ್ತೀಯೋ... ಹ್ಞೂಂ, ನಗು, ನಗು...”

“ಹಿಂದುಗಡೆ? ರಬ್ಬರ್ ಮ್ಯಾಟ್ ಹಾಸಿದಾರೆ, ದಪ್ಪದು. ಒಂಟೆ ಮಂಡಿಯೂರಿದ್ರೆ ಜಾರಲ್ಲ. ಸುತ್ತ ಎತ್ತರದ ಕಟಕಟೆ, ಹತ್ತಿಸೋಕೆ ಮಡಚೋ ಹಲಗೆ. ಗಾಡಿ ಅಡಿಗೆ ತುಕ್ಕು ಹಿಡೀದೆ ಇರೋ ಕೋಟಿಂಗ್, ಎರಡು ಸಲ ಹೊಡ್ಸಿದೀನಿ... ಎರಡು ಸಲ ಅಂದ್ರೆ ಎರಡು ಸಲ. ನಾನೇ ಕೆಳಗೆ ಬಗ್ಗಿ ನೋಡಿದೀನಿ. ಬುರ್ಖಾಗೆಲ್ಲಾ ಟಾರ್ ಮೆತ್ಕೊಂಡಿದೆ. ಬೇಕಾದ್ರೆ ಬಂದು ನೋಡು...”

“ಇಷ್ಟೇ ಅಲ್ವಾ ನಹಾರ್? ಎಲ್ಲಾ ಆಯ್ತಲ್ವಾ?... ಸಂಜೆ ಹಿರಿಯರು ಬರ್ತಾರೆ. ಆ ಮಾತು ಹೇಳ್ತೀಯಲ್ಲ?... ಹೇಳ್ತೀಯಾ ಅಂತ ಕೇಳ್ದೆ... ‘ನೋಡೋಣ’ ಅಂದ್ರೇನು? ನೋಡೋಣ ಅನ್ನೋಕೆ ಏನಿದೆ ಇನ್ನು?... ಗಾಡಿ ಮನಸ್ಸಿಗೆ ಒಪ್ಪಬೇಕಾ? ಆಯ್ತು. ಏನು ಕಮ್ಮಿಯಾಗಿದೆ ಹೇಳು, ಅದೂ ಆಗ್ಲಿ...”

ಒಂಬತ್ತು ವರ್ಷದಿಂದ ಅವಳು ಇವನ ಮುಂದೆ ಹಲ್ಲು ಕಚ್ಚಿಕೊಂಡೇ ಮಾತಾಡಿದವಳು. ತರಗತಿಯಲ್ಲಿ ನಲವತ್ತು ಹುಡುಗಿಯರನ್ನು ಒಂದು ಕಣ್ಣೋಟದಲ್ಲಿ ಸುಮ್ಮನಾಗಿಸುವ ಮೇಡಮ್ಮು, ಇವನ ಎದುರು ಮಾತ್ರ ಅಂಗಲಾಚಬೇಕು. ಅವನಿಗೆ ಅದೇ ಬೇಕಿತ್ತು. ಗಾಡಿಗಿಂತ ಹೆಚ್ಚಿನ ಖುಷಿ ಅವನಿಗೆ ಈ ದನಿ ಕೇಳುವುದರಲ್ಲೇ ಸಿಗುತ್ತಿತ್ತು, ಆ ಖುಷಿ ಫೋನಿನಲ್ಲೂ ಗೊತ್ತಾಗುತ್ತಿತ್ತು.

“ಏನು?... ಬಲಗಡೆ, ಡ್ರೈವರ್ ಪಕ್ಕದ ಸೀಟಿನ ಬಾಗಿಲಿಗೆ ಫುಟ್‌ಬೋರ್ಡಾ? ಎರಡೂ ಕಡೆ ಹಾಕಿದಾರಲ್ಲ... ಬಲಗಡೇದು ಇನ್ನೂ ತಗ್ಗಿಸ್ಬೇಕಾ? ಯಾಕೆ, ಆ ಕಡೆ ಯಾರು ಕೂರ್ತಾರೆ?... ಓ, ದೊಡ್ಡಮ್ಮಂಗಾ? ಅವರ ಮಂಡಿನೋವು ಇನ್ನೂ ವಾಸಿ ಆಗಿಲ್ವಾ?... ಅಯ್ಯೋ, ಮೊದಲೇ ಹೇಳಬಾರದಾ ನೀನು? ದೊಡ್ಡಮ್ಮಂಗೆ ಅಂದ್ರೆ ನಾನೇ ಕೂತು ಅಳತೆ ತಗೋತಿದ್ದೆ...”

ದೊಡ್ಡಮ್ಮ ಎಂದ ಕೂಡಲೇ ಫಿದ್ದಾಳ ದನಿ ಮೆತ್ತಗಾಗಿತ್ತು. ತಾಯಿ ತೀರಿಕೊಂಡಾಗ ಅವಳಿಗೆ ಊಟ ಮಾಡಿಸಿ, ತಲೆ ಬಾಚಿದವಳು ಅದೇ ದೊಡ್ಡಮ್ಮ. ಇಂಥ ತಾಯಿಯ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು.

“ಇದ್ರೀಸ್, ಬಲಗಡೆ ಫುಟ್‌ಬೋರ್ಡ್ ಒಂದು ಗೇಣು ತಗ್ಗಿಸು. ವಯಸ್ಸಾದವರು ಹತ್ತಬೇಕು... ಹಾಂ, ಹೇಳ್ದೆ. ಮತ್ತೆ?... ಕನ್ನಡಿನಾ? ಆ ಕಡೆ ಸೀಟಿನ ಮುಂದೆ, ಮುಖ ನೋಡ್ಕೊಳ್ಳೋಕಾ? ದೊಡ್ಡಮ್ಮ ಈ ವಯಸ್ಸಲ್ಲಿ ಕನ್ನಡಿ ಇಟ್ಕೊಂಡು ಏನ್ ಮಾಡ್ತಾರೋ?... ಅವರಿಗಲ್ವಾ? ಹಾಗಿದ್ರೆ ನಿನ್ ಹೆಂಡತಿಗೆ. ಅದನ್ನ ಬಾಯಿಬಿಟ್ಟು ಹೇಳೋಕೆ ಏನ್ ಕಷ್ಟ?... ಆ ಕಡೆ ಗಾಜಿಗೆ ಕಡು ಕಪ್ಪು ಫಿಲ್ಮಾ? ಪೊಲೀಸರು ಹಿಡೀತಾರೆ ನೋಡು. ನಿನ್ ಹೆಂಡತಿ ಮುಖ ಯಾರು ಕದ್ಕೊಂಡ್ ಹೋಗ್ತಾರೆ?...”

“ಸೀಟಿನ ಬಣ್ಣ ನಾನ್ ಹೇಳ್ಬೇಕಾ? ನನ್ನ ಯಾಕೆ ಕೇಳ್ತೀಯ? ಅಲ್ಲಿ ಕೂರೋರನ್ನ ಕೇಳು...”

“...”

“ಏನಂದೆ?... ಇಲ್ಲ, ಇನ್ನೊಂದ್ಸಲ ಹೇಳು... ಕೂರೋರನ್ನೇ ಕೇಳ್ತಿದೀನಿ ಅಂದ್ರೆ?... ನಹಾರ್, ಅಂದ್ರೆ ಏನರ್ಥ?...”

ಅವಳು ಕೂತಲ್ಲಿಂದ ಎದ್ದಳು. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಳು.

“ನಗಬೇಡ. ನಹಾರ್, ನಗಬೇಡ ಅಂದೆ... ತಮಾಷೆ ಮಾಡ್ತಿದೀಯ ಅಲ್ವಾ?... ನಾನಾ, ನಿನ್ ಎರಡನೇ ಹೆಂಡತಿನಾ?... ಏನು? ಇಷ್ಟೆಲ್ಲಾ ಕೊಡೋಳನ್ನ ಯಾಕೆ ಬಿಡ್ಬೇಕು ಅಂತಾ?... ಒಂದು ಮಾತಿಗೆ ಹನ್ನೊಂದು ಒಂಟೆ ಮಾರೋ ಹೆಣ್ಣು ಎಲ್ಲೂ ಸಿಗಲ್ಲ ಅಂತಾ?... ಅಯ್ಯೋ ಪಾಪಿ, ಅದು ನಿನ್ ಮೇಲಿನ ಪ್ರೀತಿಗೆ ಕೊಟ್ಟಿದ್ದಲ್ಲ ಕಣೋ! ಜನ್ಮದಲ್ಲಿ ನಿನ್ ಮುಖ ನೋಡದೆ ಇರೋಕೆ ಕೊಟ್ಟಿದ್ದು!...”

“ಹಿರಿಯರ ಮುಂದೆ ಹೇಳಿದ್ದೇನಾಯ್ತು?... ಮನಸ್ಸಿಗೆ ಒಪ್ಪಿದ್ರೆ ಅಂದಿದ್ಯಾ? ಒಪ್ಪಲಿಲ್ವಾ?... ಗಾಡಿ ಒಪ್ಪಿತು, ಬಿಡೋದು ಒಪ್ಪಲಿಲ್ಲ. ಥೂ! ನಿನ್ ಗಡ್ಡಕ್ಕಿಷ್ಟು! ಒಂಬತ್ತು ವರ್ಷದಲ್ಲಿ ಒಂದು ದಿನ ನಿಂಗೆ ನಾನು ಬೇಕಾಗಿರಲಿಲ್ಲ. ಸತ್ತಾಮ್ ಬಂದು ಕೇಳಿದ ಮೇಲೆ ಬೇಕಾದೆ. ತಿನ್ನೋಕೂ ಬೇಡ, ಬೇರೆಯವರು ಮುಟ್ಟೋಕೂ ಬಿಡಲ್ಲ ಅನ್ನೋ ಜಾತಿ ನೀನು. ನಿನ್ ಹೆಂಡತಿ ನಿನ್ ಜೊತೆ ಹೆಂಗ್ ಬಾಳ್ತಾಳೆ ಅಂತ ಊರೆಲ್ಲಾ ಕೇಳುತ್ತೆ, ಗೊತ್ತಾ? ನೀನು ಹೊರಗೆ ಹೋದ್ರೇನೇ ಅವಳು ನಗೋದು. ದೊಡ್ಡಮ್ಮನೇ ಹೇಳಿದಾರೆ...”

“ಗಾಡಿ ಇನ್ನೂ ನನ್ನ ಹೆಸರಲ್ಲಿದೆ, ನೆನಪಿರಲಿ. ಈಗ್ಲೇ ಈ ಗಾರ್ಡು, ಈ ಕಟಕಟೆ, ಈ ಉಣ್ಣೆ ಎಲ್ಲಾ ಕಿತ್ತು ಬೀದಿಗೆ ಎಸೀತೀನಿ. ಗಾಡಿ ಇದೇ ಬೀದೀಲಿ ಮಾರ್ತೀನಿ... ಮಾರಿ ಕೋರ್ಟಿಗೆ ಹೋಗ್ತೀನಿ! ಹುಡುಗೀನ ಹೀಗೆ ಕಟ್ಟಿಹಾಕೋದು ಅಪರಾಧ. ಓದಿದೋಳು ನಾನು, ನಿನ್ನ ಹಾಗೆ ಹೆಬ್ಬೆಟ್ಟಲ್ಲ. ಒಳಗೆ ಹಾಕ್ತಾರೆ... ಏನು? ಅಪ್ಪನ್ನಾ? ಅಪ್ಪನ್ನ ಯಾಕೆ ಒಳಗೆ ಹಾಕ್ತಾರೆ?... ಒಪ್ಪಿಕೊಟ್ಟೋರನ್ನೂ ಹಾಕ್ತಾರೆ, ಹೌದು. ಆದ್ರೆ ಅಪ್ಪ ಎಲ್ಲಿ ಒಪ್ಪಿದಾರೆ? ಅಪ್ಪ ಏನ್ ಮಾಡಿದಾರೆ?... ಯಾರಿಗೆ ಕೊಡ್ತೀಯ ಫೋನು? ನಹಾರ್, ಯಾರಿದಾರೆ ನಿನ್ ಪಕ್ಕ?...”

ಗ್ರೈಂಡರ್ ನಿಂತೇ ಇತ್ತು. ಇದ್ರೀಸ್ ಕಪ್ಪು ಗಾರ್ಡನ್ನು ಎತ್ತಿ ಹಿಡಿದುಕೊಂಡು, ಹಾಕಲೋ ಬಿಡಲೋ ಎಂದು ಕಾಯುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ.

“ಅಪ್ಪಾ?... ಅಪ್ಪಾ, ನೀವು ಅಲ್ಲಿ ಹೇಗೆ?... ನಮ್ಮ ಮನೇಲೇನಾ? ಅವನು ನಮ್ಮ ಮನೇಲಿ ಕೂತು ನನ್ನ ಜೊತೆ ಮಾತಾಡ್ತಿದ್ನಾ ಇಷ್ಟು ಹೊತ್ತು? ನೀವು ಪಕ್ಕದಲ್ಲೇ ಇದ್ರಾ?... ಎಲ್ಲಾ ಕೇಳಿಸ್ಕೋತಿದ್ರಾ?...”

“ಬಯ್ಯಬೇಡ ಅಂತ ನನಗೆ ಹೇಳ್ತೀರಾ? ಅವನು ಏನು ಹೇಳ್ದ ಗೊತ್ತಾ ನಿಮಗೆ?... ಗೊತ್ತಾ?... ಗೊತ್ತಿದ್ದೂ ಸುಮ್ಮನಿದ್ರಾ ಅಪ್ಪಾ?... ಸತ್ತಾಮನ ಮನೆಯವರಿಗೆ ಏನು ಹೇಳ್ತೀರಿ?... ಹೇಳಿ ಕಳಿಸಿಯಾಯ್ತಾ? ಯಾವಾಗ?... ಬೆಳಿಗ್ಗೆನೇ. ನಾನು ಇಲ್ಲಿ ಗಾರ್ಡಿನ ಬಣ್ಣ ಬದಲಾಯಿಸ್ತಾ ಕೂತಿದ್ದಾಗ...”

“ಗಾಡಿ ಮನೇಲೇ ಉಳಿಯುತ್ತಾ? ಹೊರಗಿನವರ ಪಾಲಾಗಲ್ವಾ? ಅಪ್ಪಾ, ಇದು ನೀವು ನನಗೆ ಹೇಳೋ ಸಮಾಧಾನನಾ?...”

ಅವಳಿಗೆ ಆಗ ಒಂದೇ ಒಂದು ಆಸೆ ಉಳಿದಿತ್ತು. ಇವರಲ್ಲಿ ಏನಾದರೂ ಕೇಳಿಕೊಂಡು ಬಂದವನು ಮುಂದಿಟ್ಟ ಕಾಫಿ ಬಟ್ಟಲನ್ನು ಮುಟ್ಟದೆ ಕೂರುತ್ತಾನೆ. ಮನೆಯ ಯಜಮಾನ ‘ಕುಡಿ, ಕೇಳಿದ್ದು ನಿನ್ನದಾಯಿತು’ ಎಂದ ಮೇಲೆಯೇ ಅವನು ಕುಡಿಯುವುದು. ಕುಡಿಯದೆ ಎದ್ದುಹೋದರೆ ಮನೆಯ ಮಾನ ಹೋದಂತೆ. ಒಮ್ಮೆ ಕುಡಿದಾಯಿತೆಂದರೆ ಕೊಟ್ಟ ಮಾತನ್ನು ಯಾರ ಅಪ್ಪನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

“ಅಪ್ಪಾ, ಬೇರೇನೂ ಹೇಳಬೇಡಿ. ಒಂದೇ ಒಂದು ಕೇಳ್ತೀನಿ. ಅವನು ಕಾಫಿ ಕುಡಿದನಾ?... ಕುಡಿದನಾ ಇಲ್ವಾ, ಅಷ್ಟು ಹೇಳಿ ಸಾಕು... ಮಾತಾಡಿ ಅಪ್ಪಾ. ಬಟ್ಟಲು ಇನ್ನೂ ಹಾಗೇ ಇದ್ರೆ ನಾನು ಈಗ್ಲೇ ಹೊರಟು ಬರ್ತೀನಿ, ಅವನ ಮುಂದೆ ಅದನ್ನ ಚೆಲ್ಲಿಬಿಡ್ತೀನಿ. ಮಾನ ಹೋದ್ರೆ ನನ್ನ ಮೇಲೆ ಹಾಕಿ. ಮಗಳು ಕೆಟ್ಟವಳು ಅನ್ನಿ. ಅನ್ನಿಸ್ಕೋತೀನಿ...”

“...”

“ಎಷ್ಟು?... ಎರಡಾ?”

ಅವಳ ಕೈ ಗಾಡಿಯ ಬಾನೆಟ್ಟಿನ ಮೇಲಿತ್ತು. ಬಿಸಿಲಿಗೆ ಅದು ಸುಡುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

“ಮೊದಲನೇ ಬಟ್ಟಲು ಮಾನಕ್ಕೆ ಹೆದರಿ ಕೊಟ್ರಿ ಅಂದ್ಕೋತೀನಿ. ಅಷ್ಟು ನಾನು ಅರ್ಥ ಮಾಡ್ಕೋತೀನಿ. ಎರಡನೇದನ್ನ ಯಾರು ಬಗ್ಗಿಸಿ ಕೊಟ್ರು?... ಅಪ್ಪಾ, ಎರಡನೇದು... ನೀವೇನಾ?... ನಿಮ್ಮ ಕೈಯಾರೆ?... ಹಲೋ?... ಅಪ್ಪಾ, ಹಲೋ...”