ಬಾಗಿಲಾಚೆಯ ಗೆಳೆಯ

ಕಾನಹೊಸಹಳ್ಳಿಯ ಬಸ್ ನಿಲ್ದಾಣದಲ್ಲಿ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದ ನರ್ಸ್ ರಮಾಳ ಕಿವಿಗೆ ಪಕ್ಕದ ಬೆಂಚಿನ ಇಬ್ಬರು ಹಿರಿಯರ ಮಾತು ಬಿತ್ತು.

“ಹಳೇ ಕಪ್ಪು-ಬಿಳುಪು ಪಿಚ್ಚರ್ ಲೇ ಹುಲುಗಣ್ಣ. ಜಗತ್ತಿನ ಮಂದಿಯೆಲ್ಲ ರಕ್ತ ಕುಡಿಯೋ ಪಿಶಾಚಿ ಆಗ್ಯಾರ. ಒಬ್ಬನ ಮನುಷ್ಯ ಉಳಿದಾನ.”

“ಬಣ್ಣ ಇಲ್ಲದ್ದು ಏನ್ ಚೆಂದಲೇ, ಪಾಲಾಕ್ಷ?”

“ಅದರಾಗ ಐತಿ ಚೆಂದ. ಖಾಲಿ ಬೀದಿ, ಅವನ ನೆರಳು, ಅಷ್ಟ. ಪಿಶಾಚಿ ಆದ ಗೆಳೆಯ ದಿನಾ ಬಾಗಿಲಿಗೆ ಬಂದು ಹೆಸರು ಹಿಡಿದು ಕರೀತಾನ.”

“ನಾನೂ ಕರದಿದ್ದೆ. ಹೊಲದ ಬದುವಿನ ಜಗಳಕ್ಕ ಮೂರು ವರ್ಷ ನೀ ಬಾಗಿಲು ತಗೀಲಿಲ್ಲ.”

“ಅದಕ್ಕ ಇವತ್ತು ಫೋನ್ ಮಾಡಿ ಕರಸಿದ್ದು. ಪಿಚ್ಚರಿನವ ಬಾಗಿಲು ತಗದಿದ್ರ ಸಾಯ್ತಿದ್ದ. ನನಗೇನಾಗಿತ್ತು?”

ಹುಲುಗಣ್ಣ ಬಾಯಿ ತುಂಬ ನಕ್ಕರು. “ನಡಿ, ಬಸ್ ಬಂತು. ನನಗೂ ತೋರ್ಸು ಆ ಪಿಚ್ಚರ್.”

ಕೊಟ್ಟೂರು ಬಸ್ಸು ಹತ್ತಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತದ್ದನ್ನು ಕಂಡು ರಮಾಳಿಗೂ ಹಾಯೆನಿಸಿತು.