ಇನ್ನೊಬ್ಬನ ಕಿವಿಯ ಅಚ್ಚು

ಒಬ್ಬನ ಕಿವಿಗೆ ಅಚ್ಚು ತೆಗೆದು ಮಾಡಿಸಿದ ಇಯರ್‌ಫೋನನ್ನು ಇನ್ನೊಬ್ಬ ಕಿವಿಗೆ ಹಾಕಬಾರದು. ನಿಯಮ ಇಷ್ಟೇ. ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದವನು ಗುಣಪಾಲ. ಮೂರು ಜನ ಇದ್ದ ಗ್ರೂಪು. ಮೂವರೂ ಒಪ್ಪಿದ್ದರು. ಮೂವರೂ ಮುರಿದರು. ಬರೆದವನೂ ಮುರಿದ.

ಆ ಟಿವಿಯ ದನಿ ಸ್ವಲ್ಪ ಇಳಿಸಿ, ಹೇಳುತ್ತೇನೆ. ಇದು ಯಾರೋ ಯಾರಿಗೋ ಹೇಳಿದ ಮಾತಲ್ಲ. ಮಾರ್ಸೆಲ್ ನಮ್ಮ ಎದುರಿನ ಫ್ಲ್ಯಾಟಿನವನು. ಗಲ್ಫಿನಲ್ಲಿ, ಖಾಲಿದಿಯಾದ ಅದೇ ಹಳೆಯ ಕಟ್ಟಡ, ಅದೇ ಒಂಬತ್ತನೆಯ ಮಾಳಿಗೆ. ಊರು ಶಿರ್ವದ ಕಡೆ. ಎತ್ತರದ ಕಟ್ಟಡಗಳಿಗೆಲ್ಲ ತಣ್ಣೀರು ಹಾಯಿಸುವ ಚಿಲ್ಲರ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಇಪ್ಪತ್ತೊಂದು ವರ್ಷ ಆ ಯಂತ್ರಗಳ ನಡುವೆ ನಿಂತು ಅವನ ಎಡಗಿವಿ ಮಂದವಾಗಿತ್ತು. ಮಂದವಾದರೂ ಸುಮ್ಮನಿರುತ್ತಿರಲಿಲ್ಲ. ಆರು ವರ್ಷದಿಂದ ಹಗಲೂ ರಾತ್ರಿ ಒಳಗೆ ಒಂದು ಸಿಳ್ಳೆ... ಕುಕ್ಕರ್ ಕೂಗುವ ಮೊದಲು ಹೊರಡುತ್ತದಲ್ಲ, ಆ ತೆಳ್ಳಗಿನ ಕ್ವೀಂ... ಅದು. ನಿಲ್ಲದೆ.

ಹೆಂಡತಿ ಸುಸನ್ ಒಬ್ಬಳಿಗೆ ಗೊತ್ತಿತ್ತು. ಕಂಪನಿಗೆ ಗೊತ್ತಿರಲಿಲ್ಲ. ಆದರೆ ಆ ವರ್ಷ ಕಂಪನಿ ಎಲ್ಲರಿಗೂ ಕಿವಿಯ ಪರೀಕ್ಷೆ ಇಟ್ಟಿತು. ಮಾರ್ಸೆಲ್ಲನ ಸರದಿ ಸೋಮವಾರ ಬೆಳಿಗ್ಗೆ. ಪಾಸಾಗದವನು ಪ್ಲಾಂಟಿಗೆ ಇಳಿಯುವಂತಿಲ್ಲ. ಪ್ಲಾಂಟಿಗೆ ಇಳಿಯದ ಟೆಕ್ನಿಷಿಯನ್ನಿಗೆ ವೀಸಾ ಯಾಕೆ? ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಬೇರೆ ಕೆಲಸ ಕೊಡುವವರು ಯಾರು? ಮಗನ ಕಾಲೇಜು ಇನ್ನೂ ಎರಡು ವರ್ಷ ಇತ್ತು.

ಇಷ್ಟೆಲ್ಲ ಇಟ್ಟುಕೊಂಡು ಅವನಿಗೆ ಇದ್ದ ಹುಚ್ಚು ಇಯರ್‌ಫೋನಿನದು. ಕಿವಿ ಕೈಕೊಡುವ ಮೊದಲೇ ಹಿಡಿದ ಹುಚ್ಚು. ಶುಕ್ರವಾರ ರಾತ್ರಿ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಗುಣಪಾಲನ ಮನೆಯ ಹಾಲಿನಲ್ಲಿ ಮೂವರೂ ಕೂರುತ್ತಿದ್ದರು. ಗುಣಪಾಲ ಉಡುಪಿಯವನು, ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಲ್ಯಾಬಿನಲ್ಲಿ ಇನ್ಸ್‌ಪೆಕ್ಟರ್; ಟೀ ಚಮಚವನ್ನೂ ಮಟ್ಟ ನೋಡಿ ಎತ್ತುವ ಮನುಷ್ಯ. ಇನ್ನೊಬ್ಬ ಲಾಯ್ಡ್, ಆಸ್ಪತ್ರೆಯ ರಿಸೆಪ್ಶನಿನಲ್ಲಿ ಕೆಲಸ, ಮೂವರಲ್ಲಿ ಚಿಕ್ಕವನು, ಐದು ವರ್ಷದ ಅಲಿಶಾಳ ಅಪ್ಪ. ಯಾರಾದರೂ ಒಂದು ಜೊತೆ ಕೊಂಡು ತರುವುದು. ಪ್ರತಿಯೊಬ್ಬನೂ ತನ್ನದೇ ರಬ್ಬರ್ ತುದಿ ಹಾಕಿ ಕೇಳುವುದು. ಅವೇ ಮೂರು ಹಾಡು, ಅಷ್ಟೇ ದನಿ. ಕೇಳಿದ್ದನ್ನು ಚೀಟಿಯಲ್ಲಿ ಬರೆದು ಮಗುಚಿ ಇಡುವುದು. ಮೂರೂ ಚೀಟಿ ಮುಗಿಯುವ ತನಕ ಕೇಳಿದ್ದರ ಬಗ್ಗೆ ಬಾಯಿ ಬಿಡುವಂತಿಲ್ಲ. ಒಬ್ಬ ಹೇಳಿದ್ದೇ ಇನ್ನೊಬ್ಬನ ಕಿವಿಗೂ ಕೇಳಿಸಿಬಿಡುತ್ತದೆ ಎಂದು ಗುಣಪಾಲನ ವಾದ.

ಆ ಶುಕ್ರವಾರ ಲಾಯ್ಡ್ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದ.

"ದುಬೈಯಲ್ಲಿ ಸಿಕ್ಕಿತು. ಕರಾಮಾದಲ್ಲಿ ಒಬ್ಬರ ಫ್ಲ್ಯಾಟ್ ಖಾಲಿ ಮಾಡ್ತಿದ್ರು. ಸ್ಟೇಜ್ ಶೋಗಳಿಗೆ ಸೌಂಡ್ ಮಾಡ್ತಿದ್ದ ಜನ."

ಒಳಗೆ ಕಂದು ಬಣ್ಣದ ಎರಡು ಚಿಪ್ಪು. ರಬ್ಬರ್ ತುದಿ ಇಲ್ಲ. ಕಿವಿಯ ಗುಳಿ, ತಿರುವು, ಅಂಚು... ಎಲ್ಲವೂ ಹಾಗೇ ಅಚ್ಚಿಳಿದಿತ್ತು.

ಗುಣಪಾಲ ಕನ್ನಡಕ ಸರಿಸಿದ. "ಇದು ಅಚ್ಚಿನದ್ದು. ನಿಯಮ ಗೊತ್ತುಂಟಲ್ಲ?"

"ಗೊತ್ತುಂಟು ಗುಣಪಾಲಣ್ಣ. ಒಳಗಿನ ಸಾಮಾನು ಫಸ್ಟ್ ಕ್ಲಾಸ್. ಚಿಪ್ಪು ಒಡೆಸಿ ನನ್ನ ಕಿವಿಗೆ ಹೊಸತು ಮಾಡಿಸುವುದು. ಅದಕ್ಕಿಂತ ಮೊದಲು ಒಮ್ಮೆ ಸುಮ್ಮನೆ..."

"ಸುಮ್ಮನೆ ಕೂರುವುದೇ ಇಲ್ಲ ಅದು. ಬೇರೆಯವನ ಚಪ್ಪಲಿಯಾದರೂ ಕೂತೀತು."

"ಕೂರದಿದ್ದರೆ ತೆಗೆದೆ, ಖಲಾಸ್."

ಲಾಯ್ಡ್ ಸ್ಪಿರಿಟ್ಟಿನಲ್ಲಿ ಒರೆಸಿ ಕಿವಿಗೆ ಇಟ್ಟುಕೊಂಡ. ಚುಪ್ ಎಂದು ಗಾಳಿ ಒತ್ತಿದ ಸದ್ದು. ಕೂತಿತು.

ಲಾಯ್ಡನದು ಮಕ್ಕಳ ಕಿವಿಯಷ್ಟು ಸಣ್ಣದು. ಗುಣಪಾಲನದು ಒಳಗೆ ಸೊಟ್ಟ. ಅವನಿಗೆ ಯಾವ ಕಂಪನಿಯದ್ದೂ ಹತ್ತು ನಿಮಿಷ ನಿಂತದ್ದಿಲ್ಲ. ಹಾಗಾಗಿಯೇ ಅವನಿಗೆ ತಡೆಯಲಾಗಲಿಲ್ಲ. "ಇದು ಸಾಧ್ಯ ಇಲ್ಲ. ಪರೀಕ್ಷೆ ಮಾಡಬೇಕು" ಎಂದ. ಇಟ್ಟುಕೊಂಡ. ಚುಪ್. ಕೂತಿತು. ಮೂರು ಹಾಡು ಕೇಳಿ, ಮುಖ ಬಿಳಿಚಿಕೊಂಡು ಚೀಟಿ ಬರೆದ.

ಕೊನೆಗೆ ಮಾರ್ಸೆಲ್.

ಮೊದಲು ಆದದ್ದು ಏನೆಂದರೆ, ಸಿಳ್ಳೆ ನಿಂತಿತು. ಆರು ವರ್ಷದಲ್ಲಿ ಮೊದಲ ಸಲ. ಅವನಿಗೆ ಅಳುವೇ ಬಂತು. ಆಮೇಲೆ ಎಡಗಡೆ ತೆರೆದುಕೊಂಡಿತು. ಪಿಯಾನೊ ಬಾರಿಸುವವನು ಕೂತ ಕುರ್ಚಿ ಕಿರ್ ಎಂದದ್ದು ಕೇಳಿತು. ಎರಡನೆಯದು ಚೆಂಡೆ, ತೊಗಲಿಗೆ ಕೋಲು ತಾಗುವ ಮೊದಲು ಕೈಯ ಬಳೆ ಜಾರಿದ್ದು ಕೇಳಿತು. ಚೆಂಡೆ ಮುಗಿಯಿತು. ಮೂರನೆಯದು ಇನ್ನೂ ಸುರುವಾಗಿಲ್ಲ. ಆ ಖಾಲಿಯಲ್ಲಿ ಎಡಗಡೆ, ಹಿಂದೆ, ಒಂದು ಮೊಳ ದೂರದಲ್ಲಿ ಒಬ್ಬ ಗಂಡಸು ಮೆಲ್ಲಗೆ ಕೇಳಿದ. "ಆಯ್ಕಾತಾ?"

ಕೇಳ್ತದಾ ಎಂದು, ಕೊಂಕಣಿಯಲ್ಲಿ. ಅವರು ಕೂತಾಗೆಲ್ಲ ಒಬ್ಬರನ್ನೊಬ್ಬರು ಕೇಳುವ ಮಾತೇ ಅದು. ಲಾಯ್ಡ್ ಕೇಳಿದ ಎಂದುಕೊಂಡ ಮಾರ್ಸೆಲ್ ಕಣ್ಣು ಮುಚ್ಚಿಯೇ ಹೇಳಿದ. "ಆಯ್ಕಾತಾ."

ಮೂರೂ ಚೀಟಿ ಒಟ್ಟಿಗೆ ಬಿಡಿಸಿದರು. ಗುಣಪಾಲನದು ದುಂಡಗಿನ ಇಂಗ್ಲಿಷಿನಲ್ಲಿ, ಲಾಯ್ಡನದು ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಮಾರ್ಸೆಲ್ಲನದು ಕನ್ನಡ ಅಕ್ಷರದ ಕೊಂಕಣಿಯಲ್ಲಿ. ಮೂರರಲ್ಲೂ ಒಂದು ಸಾಲು ಇತ್ತು. ಎರಡನೆಯ ಮತ್ತು ಮೂರನೆಯ ಹಾಡಿನ ನಡುವೆ ಎಡಗಡೆ ಹಿಂದಿನಿಂದ ಯಾರೋ ಕೇಳ್ತದಾ ಎಂದರು, ನಾನು ಹೌದು ಎಂದೆ.

"ಹಾಗೆ ಕೇಳಿದ್ದು ನಾನಲ್ಲ" ಎಂದ ಲಾಯ್ಡ್.

"ನಾನೂ ಅಲ್ಲ" ಎಂದ ಗುಣಪಾಲ. ಸ್ವಲ್ಪ ತಡೆದು, "ನನಗೆ ಕೇಳಿದ್ದು ತುಳುವಿನಲ್ಲಿ. ಕೇನುಂಡಾ... ಅಂತ."

ಫ್ರಿಜ್ಜು ಒಮ್ಮೆ ಗಡಕ್ ಎಂದು ನಿಂತಿತು. ಗುಣಪಾಲ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೀಗ ಹಾಕಿದ್ದನ್ನು ಮಾರ್ಸೆಲ್ ಕಣ್ಣಾರೆ ನೋಡಿದ್ದಾನೆ.

ಲಾಯ್ಡ್ ಮೊದಲೇ ಮನೆಗೆ ಹೋಗಿದ್ದ; ಮಾರ್ಸೆಲ್ ಹೊರಟಾಗ ರಾತ್ರಿ ಒಂದು ಗಂಟೆ. ನಡೆದೇ ಹೊರಟ. ಟ್ಯಾಕ್ಸಿಯ ಮೌನದಲ್ಲಿ ಸಿಳ್ಳೆ ಹೆಚ್ಚು ಎಂದು ಯಾವಾಗಲೂ ನಡೆಯುವವನು. ಸೆಪ್ಟೆಂಬರಿನ ಸೆಕೆ, ಅಂಗಿ ಬೆನ್ನಿಗೆ ಅಂಟಿತ್ತು, ಕಾಲು ಸೋತಿತ್ತು. ಸಣ್ಣ ಮಸೀದಿಯ ಪಕ್ಕ ಊರಿನ ಗೋಳಿಮರದ ಹಾಗೇ ಹಬ್ಬಿದ ಒಂದು ಮರ ಉಂಟು, ಅದರ ಕೆಳಗೆ ದಾರಿಹೋಕರಿಗೆ ನೀರಿನ ಕೂಲರ್. ನೀರು ಕುಡಿಯಲು ಬಗ್ಗಿದ.

ಟಣ್... ಟಣ್... ನಲ್ಲಿಯ ಹನಿ ಸ್ಟೀಲಿನ ತಟ್ಟೆಗೆ ಬೀಳುತ್ತಿತ್ತು. ಎಡಗಡೆಯಿಂದ.

ಮಾರ್ಸೆಲ್ ಬಗ್ಗಿದಲ್ಲೇ ನಿಂತ. ಕಿವಿಯಲ್ಲಿ ಏನೂ ಇಲ್ಲ. ಬೆರಳು ಹಾಕಿ ನೋಡಿದ. ಖಾಲಿ. ಸಿಳ್ಳೆ ಇಲ್ಲ. ಮೇಲೆ ಎಲೆಯ ನಡುವೆ ಹಕ್ಕಿ ರೆಕ್ಕೆ ಕೊಡವಿದ್ದೂ ಎಡಗಿವಿಗೆ ಸ್ಪಷ್ಟ. ಆಮೇಲೆ, ತೀರಾ ಹತ್ತಿರ, ಕೆನ್ನೆಗೆ ಉಸಿರು ತಾಗುವಷ್ಟು ಹತ್ತಿರ, ಒಂದು ಮಗು ಪಿಸುಗುಟ್ಟಿತು.

"ದೆನ್ ದ ಕ್ಯಾಟ್ ವೆಂಟ್ ಇನ್ ದ ಲಿಫ್ಟ್, ಡ್ಯಾಡಾ..."

ಸುತ್ತ ಯಾರೂ ಇಲ್ಲ. ಬೆಕ್ಕು ಲಿಫ್ಟಿನಲ್ಲಿ ಹದಿನಾಲ್ಕನೆಯ ಮಾಳಿಗೆಗೆ ಹೋಯಿತು. ಅಲ್ಲಿ ಅದಕ್ಕೆ ಹಸಿರು ಶೂ ಸಿಕ್ಕಿತು. ಮನೆ ಮುಟ್ಟುವ ತನಕ ಕತೆ ಬಂತು. ಮಧ್ಯೆ ಮಧ್ಯೆ ಮಗು, "ಡ್ಯಾಡಾ? ಆರ್ ಯೂ ಸ್ಲೀಪಿಂಗ್?" ಎನ್ನುತ್ತಿತ್ತು.

ಶನಿವಾರ ಬೆಳಿಗ್ಗೆ ಸುಸನ್ ಎಡಗಡೆ ನಿಂತು ಪಿಸುಮಾತಿನಲ್ಲಿ ಬೈದಳು. ಅವನು ತಿರುಗಿ ನಕ್ಕ. ಅವಳು ಚಹಾದ ಕಪ್ಪು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. "ಕೇಳಿತಾ? ನಿಜವಾಗಿ? ದೇವರೇ... ಸೋಮವಾರದ ತನಕ ಇರಲಿ. ಅಷ್ಟು ಸಾಕು ನನಗೆ."

ಸಂಜೆ ಲಾಯ್ಡನ ಫೋನು.

"ಮಾರ್ಸೆಲ್, ನಿನ್ನ ಕಿವಿ ಹೇಗುಂಟು?"

"ಯಾಕೆ?"

"ನನ್ನ ಎಡಗಿವಿ ಹೋಯಿತು ಮಾರಾಯ. ಹತ್ತಿ ತುರುಕಿದ ಹಾಗೆ. ಒಳಗೆ ಒಂದು ಸಿಳ್ಳೆ ಬೇರೆ. ಗುಣಪಾಲಣ್ಣನದ್ದೂ ಹಾಗೇ ಅಂತೆ. ಡಾಕ್ಟರು ನೋಡಿ ಎಂತ ಇಲ್ಲ ಅಂತಾರೆ." ದನಿ ಒಡೆಯಿತು. "ಅಲಿಶಾ ನನ್ನ ಎಡಗಡೆ ಮಲಗುವುದು. ರಾತ್ರಿ ಎಚ್ಚರವಾದರೆ ಕಿವಿಯಲ್ಲಿ ಕತೆ ಹೇಳ್ತಾಳೆ. ನಿನ್ನೆ ನನಗೆ ಒಂದಕ್ಷರ ಕೇಳಲಿಲ್ಲ. ನಾನು ಬೇಕಂತ ಉತ್ತರ ಕೊಡಲಿಲ್ಲ ಅಂತ ಅತ್ತು..."

ಮಾರ್ಸೆಲ್ ಫೋನನ್ನು ಬಲಗಿವಿಗೆ ಬದಲಿಸಿದ. "ಎಂತ ಕತೆ?"

"ಎಂತದೋ ಬೆಕ್ಕಂತೆ. ಲಿಫ್ಟಂತೆ. ಬೆಳಿಗ್ಗೆ ಅಮ್ಮನ ಹತ್ತಿರ ಹೇಳಿದ್ದು."

ಹಸಿರು ಶೂ ಎಂದು ಬಾಯಿಗೆ ಬಂದದ್ದನ್ನು ಮಾರ್ಸೆಲ್ ನುಂಗಿದ. "ಸರಿಯಾಗ್ತದೆ" ಎಂದ. ತನ್ನ ಕಿವಿ ಹೇಗುಂಟೆಂದು ಹೇಳಲಿಲ್ಲ. ಫೋನಿಡುವ ಮೊದಲು ಲಾಯ್ಡ್ ಇನ್ನೊಂದು ಹೇಳಿದ. "ಒಂದು ವಿಷಯ ನಾನು ಮುಚ್ಚಿಟ್ಟೆ. ಕರಾಮಾದ ಆ ಮನುಷ್ಯ ಮಲಗಿದಲ್ಲೇ ಸತ್ತದ್ದು. ಕಿವಿಯಿಂದ ಆ ಚಿಪ್ಪು ತೆಗೆದದ್ದೇ ಆಮೇಲೆ."

ಶನಿವಾರ ರಾತ್ರಿಯೂ ಕತೆ ಬಂತು. ಭಾನುವಾರವೂ. ದಿಂಬಿಗೆ ಎಡಗಿವಿ ಒತ್ತಿ ಮಲಗಿದರೂ ಬಂತು. ಅದರ ಜೊತೆಗೆ ಇನ್ನೊಂದು ಸದ್ದು... ಸೀಮೆಸುಣ್ಣ ಗೀರಿದ ಹಾಗೆ, ಖರ್... ಖರ್... ಗುಣಪಾಲ ರಾತ್ರಿ ಹಲ್ಲು ಕಡಿಯುತ್ತಾನೆಂದು ಅವನ ಹೆಂಡತಿ ಹರಿಣಾಕ್ಷಿ ಯಾವಾಗಲೋ ತಮಾಷೆ ಮಾಡಿದ್ದು ಮಾರ್ಸೆಲ್ಲನಿಗೆ ನೆನಪಾಯಿತು. ಎದ್ದು ಕೂತ.

ಸುಸನ್ ಎಚ್ಚರವೇ ಇದ್ದಳು. ಅವನು ಎಲ್ಲ ಹೇಳಿದ. ಅವಳು ಅವನ ದಿಂಬನ್ನು ಸರಿಮಾಡಿ ಇಟ್ಟಳು.

"ನಾಳೆ ಪಾಸಾಗಿ ಬನ್ನಿ. ಮತ್ತೆ ನೋಡುವ."

"ಅವನ ಮಗಳ ಮಾತು ಸುಸನ್. ನನ್ನ ಕಿವಿಗೆ ಬೀಳ್ತಾ ಉಂಟು."

"ನನಗೆ ಸಾಕಾಗಿದೆ" ಎಂದಳು ಸುಸನ್. ಸಿಟ್ಟಿನಲ್ಲಿ ಅಲ್ಲ. ಗೋಡೆಯ ಕಡೆ ತಿರುಗಿದಳು. "ಇಪ್ಪತ್ತೊಂದು ವರ್ಷ ಆ ಕಿವಿಯನ್ನು ನೀವು ಯಾರಿಗೆ ಕೊಟ್ಟದ್ದು? ಯಾರಾದರೂ ವಾಪಸು ಕೊಟ್ಟರಾ?"



ಸೋಮವಾರ, ಎಂಟೂಕಾಲು. ಕ್ಲಿನಿಕ್ಕಿನಲ್ಲಿ ದಪ್ಪ ಬಾಗಿಲಿನ ಒಂದು ಗೂಡು, ಒಳಗೆ ಕುರ್ಚಿ, ಒಂದು ಮೇಜು, ಗಾಜಿನ ಕಿಟಕಿ. ಆಚೆ ಫಿಯೋನಾ, ನಮ್ಮ ಕಡೆಯದೇ ಹುಡುಗಿ, ಪರೀಕ್ಷೆ ಮಾಡುವವಳು. ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ವಯರಿನ ತುದಿಯ ಒಂದು ಗುಂಡಿ ಕೊಟ್ಟಳು. "ಕೇಳಿದರೆ ಒತ್ತಿ ಅಂಕಲ್. ಎಷ್ಟು ಸಣ್ಣ ಸದ್ದಾದರೂ ಒತ್ತಿ. ಒತ್ತಿದರೆ ನನಗೆ ಇಲ್ಲಿ ಹಸಿರು ಲೈಟ್ ಬರ್ತದೆ." ಬಾಗಿಲು ಮುಚ್ಚಿತು. ಧಬ್.

ಬಲಗಿವಿ ಮುಗಿಯಿತು. ಪರವಾಗಿಲ್ಲ.

ಎಡಗಿವಿ ಸುರು. ಪೀಪ್... ಕೇಳಿತು. ಒತ್ತಿದ. ಇನ್ನೂ ಸಣ್ಣಕ್ಕೆ, ಪೀಪ್... ಅದೂ ಕೇಳಿತು. ಒತ್ತಿದ. ಕಿಟಕಿಯಾಚೆ ಫಿಯೋನಾ ಹುಬ್ಬು ಏರಿಸಿ ಮೆಚ್ಚಿ ತಲೆಯಾಡಿಸಿದಳು. ಇಪ್ಪತ್ತರ ಹುಡುಗರಿಗೂ ಕೇಳದ ಸದ್ದು ಅದು. ಇನ್ನು ಐದು ನಿಮಿಷ ಒತ್ತಿದರೆ ಮುಗಿಯಿತು. ವೀಸಾ, ಮಗನ ಕಾಲೇಜು, ಎಲ್ಲ.

ಆಗ ಪೀಪ್ ಹಿಂದೆ ಶಾಲೆಯ ಬಸ್ಸಿನ ಬಾಗಿಲು ಬುಸ್ ಎಂದು ತೆರೆದದ್ದು ಕೇಳಿತು. ಚೀಲದ ಜಿಪ್ಪು. ಮಗು ಎಡಗಡೆಯಿಂದ, ಕೈ ಹಿಡಿದು ಜಗ್ಗಿದ ಹಾಗೆ, ಹೇಳಿತು.

"ಬೈ ಡ್ಯಾಡಾ." ಸ್ವಲ್ಪ ತಡೆದು, "ಡ್ಯಾಡಾ, ಐ ಸೆಡ್ ಬೈ."

ಉತ್ತರ ಇಲ್ಲ. ಮಗು ಕಾದಿತು. ಬಸ್ಸಿನ ಬಾಗಿಲು ಮುಚ್ಚಿತು.

ಪೀಪ್...

ಮಾರ್ಸೆಲ್ ಒತ್ತಲಿಲ್ಲ. ಗುಂಡಿಯನ್ನು ಮೇಜಿನ ಮೇಲೆ ಇಟ್ಟ. ಎರಡೂ ಕೈ ಮೊಣಕಾಲಿನ ಮೇಲೆ ಊರಿದ.

ಇನ್ನು ಹೇಳುವುದು ಫಿಯೋನಾ ಹೇಳಿದ್ದು. ನನ್ನ ಎದುರೇ ಹೇಳಿದ್ದಾಳೆ, ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದು ಏನೂ ಇಲ್ಲ. ಅವಳು ಪೀಪ್ ಕೊಟ್ಟಳು. ಹಸಿರು ಲೈಟ್ ಬಂತು. ಗುಂಡಿ ಮೇಜಿನ ಮೇಲೆ. ಮನುಷ್ಯನ ಕೈ ಮೊಣಕಾಲ ಮೇಲೆ. ಮತ್ತೆ ಕೊಟ್ಟಳು. ಮತ್ತೆ ಬಂತು. ಹನ್ನೊಂದು ಸಲ ಬಂತು. ಹನ್ನೆರಡನೆಯದನ್ನು ಅವಳು ಕೊಡಲೇ ಇಲ್ಲ. ಆದರೂ ಲೈಟ್ ಬಂತು. ಆ ಹಾಳೆ ಈಗಲೂ ಉಂಟು, ಬೇಕಾದವರು ನೋಡಬಹುದು.

ಮಾರ್ಸೆಲ್ ಹೆಡ್‌ಫೋನ್ ತೆಗೆದ. ಎದ್ದ. ಆ ದಪ್ಪ ಬಾಗಿಲನ್ನು ಹೆಗಲು ಕೊಟ್ಟು ತೆರೆದು ಹೊರಗೆ ಬಂದು, ಫಿಯೋನಾಳಿಗಲ್ಲ, ತನ್ನ ಎಡಭುಜದ ಹಿಂದಕ್ಕೆ ತಿರುಗಿ, ನಿಧಾನವಾಗಿ, ಕೊಂಕಣಿಯಲ್ಲಿ, ಶುಕ್ರವಾರ ಹೌದು ಎಂದಿದ್ದ ಅದೇ ಪ್ರಶ್ನೆಗೆ ಈಗ, ತನಗೆ ಏನೂ ಕೇಳುವುದಿಲ್ಲ ಎಂದು ಹೇಳಿದ.